ಒಳಬರುವ ಇಮೇಲಿಗೆ ಅಣಕು ಅಂಚೆಯವನು

ಇಮೇಲ್ ಕಳುಹಿಸುವ ತಂತ್ರಾಂಶವನ್ನು ಪರೀಕ್ಷಿಸುವುದಕ್ಕಿಂತ ಇಮೇಲನ್ನು ಬರಮಾಡಿಕೊಳ್ಳುವ ತಂತ್ರಾಂಶವನ್ನು ಪರೀಕ್ಷಿಸುವುದು ಹೆಚ್ಚು ತೊಡಕಿನ ಕೆಲಸ; ಏಕೆಂದರೆ ಕಳುಹಿಸುವಾಗ ಮೊದಲ ಹೆಜ್ಜೆಯನ್ನು ತಂತ್ರಾಂಶವೇ ಇಡುತ್ತದೆ, ಬರಮಾಡಿಕೊಳ್ಳುವಾಗ ಆ ಹೆಜ್ಜೆಯನ್ನು ಹೊರಗಿನವರು ಯಾರಾದರೂ ಇಡಬೇಕಾಗುತ್ತದೆ. ಸಹಕಾರ ಸಂಘವೊಂದರ ಸದಸ್ಯರು ಬರೆದ ದೂರು ತಾನಾಗಿಯೇ ಕಡತಕ್ಕೆ ಸೇರಬೇಕು, ಅದಕ್ಕೊಂದು ಕ್ರಮಸಂಖ್ಯೆ ದೊರೆಯಬೇಕು, ಸದಸ್ಯರಿಗೆ ಸ್ವೀಕೃತಿ ಹೋಗಬೇಕು ಎಂಬ ವ್ಯವಸ್ಥೆಯನ್ನು ಊಹಿಸಿಕೊಂಡರೆ, ಅದನ್ನು ಕಟ್ಟುವ ಪ್ರೋಗ್ರಾಮರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಸಾಲುಗಟ್ಟಲೆ ಕೋಡ್ ಬರೆದಿಟ್ಟರೂ, ಒಂದು ಪತ್ರ ಒಳಗೆ ಬಂದು ಬೀಳುವ ತನಕ ಆ ಕೋಡ್ ಸರಿಯೋ ತಪ್ಪೋ ತಿಳಿಯುವುದಿಲ್ಲ. ಆ ಪತ್ರವಾದರೋ ಲ್ಯಾಪ್‌ಟಾಪ್‌ನ ಬಾಗಿಲಿಗೆ ನೇರವಾಗಿ ಬರುವಂಥದ್ದಲ್ಲ. ಆದ್ದರಿಂದ ಇಂಥ ತಂತ್ರಾಂಶಗಳ ರಚನೆಯಲ್ಲಿ ಅಣಕು ಅಂಚೆಯವನೊಬ್ಬನನ್ನು ಮೊದಲು ತಯಾರು ಮಾಡಿಕೊಳ್ಳಬೇಕಾಗುತ್ತದೆ. ಅವನು ಏನನ್ನು ಅನುಕರಿಸಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅವನು ಅನುಕರಿಸಬೇಕಾದದ್ದು ಪತ್ರ ಬರೆದವರನ್ನು ಎಂದು ಮೇಲುನೋಟಕ್ಕೆ ತೋರಿದರೂ, ವಾಸ್ತವವಾಗಿ ಅನುಕರಿಸಬೇಕಾದದ್ದು ಪತ್ರವನ್ನು ನಡುವೆ ಒಡೆದು ಓದಿ, ತನ್ನದೇ ನಮೂನೆಯಲ್ಲಿ ಪ್ರತಿಮಾಡಿ, ಮೊಹರು ಹಾಕಿ ಮುಂದಕ್ಕೆ ಒಪ್ಪಿಸುವ ಮಧ್ಯವರ್ತಿ ಸೇವೆಯನ್ನು.

ಪತ್ರವು ವಿನಂತಿಯಾಗುವ ಬಗೆ

ಇಮೇಲ್ ಸಾಗಾಟದ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ದಾಖಲಿಸಿದರು. 2008ರಲ್ಲಿ ಪರಿಷ್ಕೃತವಾದ ಅದೇ ನಿಯಮಾವಳಿ ಇಂದಿಗೂ ಚಾಲ್ತಿಯಲ್ಲಿದೆ. ಅದರ ಪ್ರಕಾರ ಕಳುಹಿಸುವ ಸರ್ವರ್, ಪಡೆಯುವ ಡೊಮೇನ್‌ನ ಎಂಎಕ್ಸ್ ದಾಖಲೆಯನ್ನು, ಅಂದರೆ ಆ ಹೆಸರಿಗೆ ಬರುವ ಅಂಚೆಯನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂದು ತಿಳಿಸುವ ಸಾರ್ವಜನಿಕ ನಮೂದನ್ನು ಹುಡುಕಿ, ಅಲ್ಲಿ ಹೆಸರಿಸಿರುವ ಯಂತ್ರದ 25ನೇ ಪೋರ್ಟ್‌ಗೆ ಸಂಪರ್ಕ ಬೆಳೆಸುತ್ತದೆ. ಮೊದಲು ಕಳುಹಿಸಿದವರ ವಿಳಾಸವನ್ನೂ ಅನಂತರ ಸ್ವೀಕರಿಸುವವರ ವಿಳಾಸವನ್ನೂ ತಿಳಿಸಿ, ಕೊನೆಯಲ್ಲಿ ಪತ್ರವನ್ನು ಒಪ್ಪಿಸುತ್ತದೆ. ಹೀಗೆ ಮೊದಲೇ ತಿಳಿಸುವ ವಿಳಾಸಗಳು ಲಕೋಟೆಯ ಮೇಲಿನ ವಿಳಾಸಗಳಿದ್ದಂತೆ. ಪತ್ರದ ಶಿರೋಭಾಗದಲ್ಲಿ ‘ಇಂದ’, ‘ಗೆ’ ಎಂದು ಕಾಣುವವು ಒಕ್ಕಣೆಯ ಭಾಗಗಳು. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಗುಪ್ತಪ್ರತಿ ಪಡೆದವರ ಹೆಸರು ಲಕೋಟೆಯ ಮೇಲಿದ್ದರೂ ಒಕ್ಕಣೆಯಲ್ಲಿರುವುದಿಲ್ಲ. ಒಬ್ಬರಿಗೆ ಬಂದ ಪತ್ರ ಮತ್ತೊಬ್ಬರಿಗೆ ತಾನಾಗಿಯೇ ಮುಂದೆ ಸಾಗುವಂತೆ ಏರ್ಪಾಡಾಗಿದ್ದಲ್ಲಿ ಒಕ್ಕಣೆ ಹಳೆಯ ಹೆಸರನ್ನೇ ಹೇಳುತ್ತಿರುತ್ತದೆ, ಲಕೋಟೆ ಮಾತ್ರ ಬದಲಾಗಿರುತ್ತದೆ.

ಸಣ್ಣ ತಂತ್ರಾಂಶವೊಂದು ಈ 25ನೇ ಪೋರ್ಟ್‌ನಲ್ಲಿ ತಾನೇ ಕುಳಿತು ಅಂಚೆ ಪಡೆಯಲು ಹೊರಟರೆ, ಸ್ಪ್ಯಾಮ್ ತಡೆಯುವುದು, ಗೂಢಲಿಪೀಕರಣದ ಪ್ರಮಾಣಪತ್ರಗಳನ್ನು ನೋಡಿಕೊಳ್ಳುವುದು, ಹಗಲಿರುಳು ಎಚ್ಚರವಾಗಿರುವುದು ಎಲ್ಲವೂ ಅದರ ತಲೆಗೇ ಬೀಳುತ್ತವೆ. ಅದಕ್ಕಾಗಿಯೇ ಮೇಲ್‌ಗನ್, ಸೆಂಡ್‌ಗ್ರಿಡ್, ಪೋಸ್ಟ್‌ಮಾರ್ಕ್ ಮೊದಲಾದ ಸೇವೆಗಳು ಆ ಹೊರೆಯನ್ನು ವಹಿಸಿಕೊಂಡು, ಬಂದ ಪತ್ರವನ್ನು ಸಾಮಾನ್ಯ ವೆಬ್ ವಿನಂತಿಯ ರೂಪಕ್ಕೆ ತಂದು, ಮೊದಲೇ ತಿಳಿಸಿಟ್ಟ ಜಾಲವಿಳಾಸಕ್ಕೆ ತಲುಪಿಸುತ್ತವೆ. ಹೀಗೆ ಒಂದು ಘಟನೆ ನಡೆದ ಕೂಡಲೇ ಒಂದು ಸರ್ವರ್ ಮತ್ತೊಂದು ಸರ್ವರಿನ ನಿಗದಿತ ವಿಳಾಸಕ್ಕೆ ವಿನಂತಿ ಕಳುಹಿಸಿ ಸುದ್ದಿ ಮುಟ್ಟಿಸುವ ಏರ್ಪಾಡಿಗೆ ವೆಬ್‌ಹುಕ್ ಎಂದು ಹೆಸರು. 2007ರಲ್ಲಿ ಜೆಫ್ ಲಿಂಡ್ಸೆ ಈ ಪದವನ್ನು ಚಲಾವಣೆಗೆ ತಂದರು. ‘ಏನಾದರೂ ಬಂದಿದೆಯೇ’ ಎಂದು ತಂತ್ರಾಂಶವು ಪದೇ ಪದೇ ಹೋಗಿ ಕೇಳಬೇಕಾದ ಅಗತ್ಯ ಇದರಿಂದ ತಪ್ಪುತ್ತದೆ, ಬಂದದ್ದು ಬಂದಾಗಲೇ ಬಾಗಿಲು ತಟ್ಟುತ್ತದೆ.

ಆದರೆ ಬಾಗಿಲು ತಟ್ಟುವ ರೀತಿ ಒಂದೊಂದು ಸೇವೆಯದೂ ಬೇರೆ ಬೇರೆ. ಪೋಸ್ಟ್‌ಮಾರ್ಕ್ ಇಡೀ ಪತ್ರವನ್ನು ಜೇಸನ್ ಎಂಬ ರಚನೆಯಲ್ಲಿ, ಅಂದರೆ ಹೆಸರು ಮತ್ತು ಬೆಲೆಗಳ ಜೋಡಿಗಳಾಗಿ ಬರೆದ ಒಂದೇ ಪಠ್ಯವಾಗಿ ಕಳುಹಿಸುತ್ತದೆ. ಲಗತ್ತುಗಳೂ ಅದರೊಳಗೇ ಬೇಸ್64 ಎಂಬ ಅಕ್ಷರರೂಪದಲ್ಲಿ ಅಡಗಿರುತ್ತವೆ. ಸೆಂಡ್‌ಗ್ರಿಡ್ ಅದೇ ಪತ್ರವನ್ನು ವೆಬ್ ಅರ್ಜಿಯೊಂದನ್ನು ತುಂಬಿ ಕಳುಹಿಸಿದಂತೆ ಹಲವು ಭಾಗಗಳಾಗಿ ಒಡೆದು, ಯಾವ ಭಾಗ ಯಾವ ಅಕ್ಷರಸಂಕೇತದಲ್ಲಿದೆ ಎಂಬುದನ್ನು ಪ್ರತ್ಯೇಕ ಅಂಕಣದಲ್ಲಿ ನಮೂದಿಸುತ್ತದೆ. ಮೇಲ್‌ಗನ್ ಸಹ ಅರ್ಜಿಯ ರೂಪವನ್ನೇ ಬಳಸುತ್ತದೆ. ಆದರೆ ಲಗತ್ತಿಲ್ಲದ ಪತ್ರ ಸರಳ ಅರ್ಜಿಯ ರೂಪದಲ್ಲೂ ಲಗತ್ತಿರುವ ಪತ್ರ ಬಹುಭಾಗಗಳ ಅರ್ಜಿಯ ರೂಪದಲ್ಲೂ ಬರುವುದರಿಂದ, ಒಂದೇ ಸೇವೆಯ ಎರಡು ಪತ್ರಗಳು ಎರಡು ಆಕಾರಗಳಲ್ಲಿ ಬರಬಹುದು. ಲಗತ್ತಿಲ್ಲದ ಒಂದೇ ಮಾದರಿಯಿಂದ ಪರೀಕ್ಷಿಸಿ ಮುಗಿಸಿದ ತಂತ್ರಾಂಶ, ಮೊದಲ ರಸೀದಿಯ ಚಿತ್ರ ಬಂದ ದಿನವೇ ಮುಗ್ಗರಿಸುವುದಕ್ಕೆ ಇದೇ ಕಾರಣ. ಎಸ್‌ಎಂಟಿಪಿ ಎಲ್ಲರಿಗೂ ಒಂದೇ ಆಗಿದ್ದರೂ, ಅದರಾಚೆಯ ಈ ಕೊನೆಯ ಹೆಜ್ಜೆಗೆ ಸರ್ವಸಮ್ಮತ ನಿಯಮಾವಳಿಯಿಲ್ಲ. ಆದ್ದರಿಂದ ಅಣಕು ಅಂಚೆಯವನು ಯಾವ ಸೇವೆಯ ವೇಷ ಹಾಕಿದ್ದಾನೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಲ್ಯಾಪ್‌ಟಾಪ್‌ಗೆ ಏಕೆ ತಲುಪುವುದಿಲ್ಲ

ರಚನೆಯ ಹಂತದಲ್ಲಿರುವ ತಂತ್ರಾಂಶವು ಸಾಮಾನ್ಯವಾಗಿ ಲೋಕಲ್‌ಹೋಸ್ಟ್ ಎಂಬ ಹೆಸರಿನಲ್ಲಿ, 127.0.0.1 ಎಂಬ ವಿಳಾಸದಲ್ಲಿ ನಡೆಯುತ್ತಿರುತ್ತದೆ. ಆ ವಿಳಾಸಕ್ಕೆ ಪ್ರತಿಯೊಂದು ಯಂತ್ರದಲ್ಲೂ ಒಂದೇ ಅರ್ಥ: ‘ನಾನೇ’. ಮಧ್ಯವರ್ತಿ ಸೇವೆಗೆ ಆ ವಿಳಾಸ ಕೊಟ್ಟರೆ ಅದು ತನ್ನ ಬಾಗಿಲನ್ನೇ ತಟ್ಟಿಕೊಂಡಂತಾಗುತ್ತದೆ. ಮನೆ ಅಥವಾ ಕಚೇರಿಯ ವೈಫೈ ಜಾಲದಲ್ಲಿ ಯಂತ್ರಕ್ಕೆ ದೊರೆಯುವ 192.168 ಎಂದು ಆರಂಭವಾಗುವ ವಿಳಾಸವೂ 1996ರಲ್ಲಿ ಖಾಸಗಿ ಬಳಕೆಗೆಂದು ಬದಿಗಿರಿಸಿದ ಗುಂಪಿಗೆ ಸೇರಿದ್ದು. ಹೊರಜಾಲದಿಂದ ಅಲ್ಲಿಗೆ ದಾರಿಯಿಲ್ಲ.

ಈ ತಡೆಯನ್ನು ದಾಟಲು ಸುರಂಗ ಕೊರೆಯುವ ಸಾಧನಗಳಿವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದ ಎನ್‌ಗ್ರಾಕ್, ಲ್ಯಾಪ್‌ಟಾಪ್‌ನಿಂದ ಹೊರಕ್ಕೆ ಒಂದು ಸಂಪರ್ಕವನ್ನು ಹಿಡಿದಿಟ್ಟುಕೊಂಡು, ಒಂದು ಸಾರ್ವಜನಿಕ ವಿಳಾಸಕ್ಕೆ ಬಂದ ವಿನಂತಿಗಳನ್ನು ಅದೇ ಸಂಪರ್ಕದ ಮೂಲಕ ಒಳಕ್ಕೆ ತರುತ್ತದೆ. ಬಂದ ಪ್ರತಿಯೊಂದು ವಿನಂತಿಯನ್ನೂ ತೆರೆದು ನೋಡಲು, ಬೇಕಾದರೆ ಮತ್ತೊಮ್ಮೆ ಕಳುಹಿಸಲು 4040ನೇ ಪೋರ್ಟ್‌ನಲ್ಲಿ ಒಂದು ಪುಟವನ್ನೂ ಒದಗಿಸುತ್ತದೆ. ನಿಜವಾದ ಪತ್ರ ಹೇಗೆ ಬರುತ್ತದೆಂಬುದನ್ನು ಕಣ್ಣಾರೆ ಕಂಡು ಮಾದರಿ ಸಂಗ್ರಹಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ದಿನನಿತ್ಯದ ಪರೀಕ್ಷೆಗೆ ಇದನ್ನೇ ನೆಚ್ಚಿಕೊಂಡರೆ, ಕೋಡಿನ ಒಂದು ಸಾಲು ಬದಲಾಯಿಸಿದಾಗಲೆಲ್ಲ ಒಂದು ಇಮೇಲ್ ಬರೆದು ಅದು ಬರುವವರೆಗೆ ಕಾಯಬೇಕು. ಅಂತರ್ಜಾಲ ಕಡಿದರೆ ಕೆಲಸವೂ ನಿಲ್ಲುತ್ತದೆ. ತಂಡದ ಐವರೂ ಒಂದೇ ವಿಳಾಸಕ್ಕೆ ಪತ್ರ ಬರೆದರೆ ಯಾರದ್ದು ಯಾರಿಗೆ ಎಂಬ ಗೊಂದಲ ಹುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟ ಪತ್ರಗಳನ್ನು ಬೇಕೆಂದಾಗ ತರಿಸಿಕೊಳ್ಳಲು ಸುರಂಗದಿಂದ ಆಗುವುದಿಲ್ಲ. ಆದ್ದರಿಂದ ಸುರಂಗವನ್ನು ಮಾದರಿ ಸಂಗ್ರಹಕ್ಕೂ ಅಣಕು ವಿನಂತಿಯನ್ನು ಅಭ್ಯಾಸಕ್ಕೂ ಬಳಸುವುದು ಉಚಿತ.

ಹೊಸಸಾಲು ನುಂಗುವ ಕೈ

ಅಣಕು ವಿನಂತಿ ಕಳುಹಿಸಲು ಹೆಚ್ಚಿನವರ ಕೈಗೆ ಮೊದಲು ಸಿಗುವ ಸಲಕರಣೆ ಕರ್ಲ್. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಿಂದ ಹೊರತಂದ ಈ ಆಜ್ಞಾಸಾಲಿನ ಸಾಧನಕ್ಕೆ ವಿಳಾಸ, ಅಂಕಣಗಳ ಹೆಸರು ಮತ್ತು ಅವುಗಳ ಬೆಲೆಗಳನ್ನು ಕೊಟ್ಟರೆ, ಮಧ್ಯವರ್ತಿ ಸೇವೆ ಕಳುಹಿಸುವಂಥದೇ ವಿನಂತಿಯನ್ನು ಅದು ಲೋಕಲ್‌ಹೋಸ್ಟ್‌ಗೆ ಕಳುಹಿಸುತ್ತದೆ. ಪತ್ರವನ್ನು ಒಡೆದ ರೂಪದಲ್ಲಿ ಕಳುಹಿಸುವುದರ ಜೊತೆಗೆ, ಬಂದದ್ದನ್ನು ಬಂದ ಹಾಗೆಯೇ, ಶಿರೋಭಾಗ ಮತ್ತು ಲಗತ್ತುಗಳ ಸಮೇತ ಒಂದೇ ಪಠ್ಯವಾಗಿ ಒಪ್ಪಿಸುವ ಅನುಕೂಲವನ್ನೂ ಕೆಲವು ಸೇವೆಗಳು ನೀಡುತ್ತವೆ. ಈ ಮೂಲಪ್ರತಿಯನ್ನು ‘ಇಎಂಎಲ್’ ಎಂಬ ವಿಸ್ತರಣೆಯುಳ್ಳ ಫೈಲಾಗಿ ಉಳಿಸಿಡುವುದು ವಾಡಿಕೆ.

ಈ ಫೈಲನ್ನು ಕಳುಹಿಸುವಾಗ ಎದುರಾಗುವ ಒಂದು ತೊಡಕು ಸಣ್ಣದಾಗಿ ಕಂಡರೂ ಅದರ ಪರಿಣಾಮ ದೊಡ್ಡದು. ಇಮೇಲ್ ರಚನೆಯಲ್ಲಿ ಪ್ರತಿಯೊಂದು ಶಿರೋನಾಮವೂ ತನ್ನದೇ ಸಾಲಿನಲ್ಲಿ ಆರಂಭವಾಗುತ್ತದೆ, ಶಿರೋಭಾಗ ಮುಗಿದು ಒಕ್ಕಣೆ ಆರಂಭವಾಗಿದೆ ಎಂಬುದನ್ನು ಒಂದು ಖಾಲಿ ಸಾಲು ತಿಳಿಸುತ್ತದೆ. ಹೀಗಾಗಿ ಸಾಲು ಮುರಿಯುವ ಗುರುತುಗಳೇ ಇಲ್ಲಿ ವ್ಯಾಕರಣ. ಕರ್ಲ್‌ನ ‘ಡಿ’ ಎಂಬ ಸೂಚಕದೊಂದಿಗೆ ಫೈಲಿನ ಹೆಸರು ಕೊಟ್ಟರೆ, ಫೈಲಿನಲ್ಲಿರುವ ಹೊಸಸಾಲಿನ ಗುರುತುಗಳನ್ನೆಲ್ಲ ಅದು ತೆಗೆದುಹಾಕಿ ಕಳುಹಿಸುತ್ತದೆ. ಆಗ ಇಡೀ ಪತ್ರ ಒಂದೇ ಸಾಲಾಗಿ, ತಂತ್ರಾಂಶದ ಕಣ್ಣಿಗೆ ಒಕ್ಕಣೆಯೇ ಇಲ್ಲದ ಒಂದು ವಿಚಿತ್ರ ಶಿರೋನಾಮವಾಗಿ ಕಾಣುತ್ತದೆ. ಪ್ರೋಗ್ರಾಮರ್ ತನ್ನ ಕೋಡಿನಲ್ಲಿ ದೋಷ ಹುಡುಕುತ್ತ ಕೂರುತ್ತಾನೆ, ದೋಷವಿರುವುದು ಅಣಕು ಅಂಚೆಯವನ ಕೈಯಲ್ಲಿ. ‘ಡೇಟಾ-ಬೈನರಿ’ ಎಂಬ ಸೂಚಕವನ್ನು ಬಳಸಿದರೆ ಫೈಲು ಇದ್ದಂತೆಯೇ ಹೋಗುತ್ತದೆ. ಬಹುಭಾಗಗಳ ಅರ್ಜಿಯಲ್ಲಿ ಇಂಥದೇ ಮತ್ತೊಂದು ಸೂಕ್ಷ್ಮವಿದೆ: ಫೈಲಿನ ಹೆಸರಿಗೆ ಮೊದಲು @ ಚಿಹ್ನೆಯಿದ್ದರೆ ಅದು ಲಗತ್ತಿಸಿದ ಫೈಲಾಗಿ ಹೋಗುತ್ತದೆ, < ಚಿಹ್ನೆಯಿದ್ದರೆ ಫೈಲಿನೊಳಗಿನ ಪಠ್ಯ ಮಾತ್ರ ಸಾಮಾನ್ಯ ಅಂಕಣದ ಬೆಲೆಯಾಗಿ ಹೋಗುತ್ತದೆ. ಅನುಕರಿಸುತ್ತಿರುವ ಸೇವೆ ಇವೆರಡರಲ್ಲಿ ಯಾವುದನ್ನು ಮಾಡುತ್ತದೆಂದು ನೋಡಿಕೊಳ್ಳದೆ ಬರೆದ ಅಣಕು, ತಂತ್ರಾಂಶವನ್ನು ತಪ್ಪು ಆಕಾರಕ್ಕೆ ಒಗ್ಗಿಸಿಬಿಡುತ್ತದೆ.

ಮೊಹರು ಮತ್ತು ಎರಡು ನಿಮಿಷ

ವೆಬ್‌ಹುಕ್‌ನ ವಿಳಾಸ ಸಾರ್ವಜನಿಕವಾದದ್ದರಿಂದ ಅಲ್ಲಿಗೆ ಯಾರು ಬೇಕಾದರೂ ವಿನಂತಿ ಕಳುಹಿಸಬಹುದು. ಬಂದದ್ದು ಮಧ್ಯವರ್ತಿಯಿಂದಲೇ ಎಂದು ಖಚಿತಪಡಿಸಿಕೊಳ್ಳಲು ಹಲವು ಸೇವೆಗಳು ವಿನಂತಿಗೆ ಸಹಿ ಹಾಕುತ್ತವೆ. 1997ರಲ್ಲಿ ಅಂತರ್ಜಾಲದ ದಾಖಲೆಯಾಗಿ ಪ್ರಕಟವಾದ ಎಚ್‌ಮ್ಯಾಕ್ ಎಂಬ ವಿಧಾನ ಇದಕ್ಕೆ ಆಧಾರ: ಎರಡೂ ಕಡೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿಯನ್ನೂ ಒಂದು ಪಠ್ಯವನ್ನೂ ಸೇರಿಸಿ ಅರೆದು ಒಂದು ನಿಶ್ಚಿತ ಉದ್ದದ ಫಲವನ್ನು ಪಡೆಯಲಾಗುತ್ತದೆ, ಕೀಲಿ ಗೊತ್ತಿಲ್ಲದವರಿಗೆ ಆ ಫಲವನ್ನು ತಯಾರಿಸಲಾಗದು. ಮೇಲ್‌ಗನ್ ಕಾಲಮುದ್ರೆಯನ್ನೂ ಪ್ರತಿ ಸಲ ಬದಲಾಗುವ ಒಂದು ಟೋಕನನ್ನೂ ಒಂದರ ಬೆನ್ನಿಗೆ ಮತ್ತೊಂದನ್ನು ಜೋಡಿಸಿ, ಆ ಜೋಡಣೆಗೆ ಶಾ-256 ಆಧಾರಿತ ಎಚ್‌ಮ್ಯಾಕ್ ಕಟ್ಟಿ, ಬಂದ 64 ಹದಿನಾರಂಕಿ ಅಕ್ಷರಗಳನ್ನು ಸಹಿಯೆಂದು ಕಳುಹಿಸುತ್ತದೆ. ಕಾಲಮುದ್ರೆ ಎಂದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ.

ರೂಬಿ ಆನ್ ರೈಲ್ಸ್ ಎಂಬ ವೆಬ್ ಚೌಕಟ್ಟು 2019ರಲ್ಲಿ ತನ್ನ 6.0ನೇ ಆವೃತ್ತಿಯೊಂದಿಗೆ ಆ್ಯಕ್ಷನ್ ಮೇಲ್‌ಬಾಕ್ಸ್ ಎಂಬ ಭಾಗವನ್ನು ಸೇರಿಸಿತು. ಒಳಬರುವ ಇಮೇಲನ್ನು ಬರಮಾಡಿಕೊಳ್ಳುವುದೇ ಅದರ ಕೆಲಸ. ಮೇಲ್‌ಗನ್‌ನಿಂದ ಬಂದ ವಿನಂತಿಯ ಸಹಿ ಹೊಂದಿದರೆ ಸಾಲದು, ಅದರ ಕಾಲಮುದ್ರೆ ಎರಡು ನಿಮಿಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮವನ್ನೂ ಅದು ಪಾಲಿಸುತ್ತದೆ. ದಾರಿಯಲ್ಲಿ ಯಾರೋ ಕದ್ದು ಇಟ್ಟುಕೊಂಡ ವಿನಂತಿಯನ್ನು ನಾಳೆ ಮತ್ತೆ ಕಳುಹಿಸಿ ಮೋಸಮಾಡದಿರಲೆಂದು ಮಾಡಿದ ಈ ಏರ್ಪಾಡು, ಪರೀಕ್ಷೆಗೆಂದು ನಿನ್ನೆ ಜೋಪಾನವಾಗಿ ಉಳಿಸಿಟ್ಟ ಪ್ರಾಮಾಣಿಕ ಮಾದರಿಯನ್ನೂ ಅಷ್ಟೇ ನಿಷ್ಠುರವಾಗಿ 401 ಎಂಬ ಉತ್ತರದೊಂದಿಗೆ ಹೊರಗಟ್ಟುತ್ತದೆ. ಹೀಗಾಗಿ ಉಳಿಸಿಟ್ಟ ವಿನಂತಿಯನ್ನು ಹಾಗೆಯೇ ಮರುಕಳುಹಿಸುವುದು ಅನುಕರಣೆಯಾಗುವುದಿಲ್ಲ. ಪ್ರತಿ ಸಲವೂ ಆ ಕ್ಷಣದ ಕಾಲಮುದ್ರೆ ತೆಗೆದುಕೊಂಡು, ಹೊಸ ಟೋಕನ್ ಮಾಡಿ, ಹೊಸದಾಗಿ ಸಹಿ ಹಾಕುವ ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಬೇಕಾಗುತ್ತದೆ. ಸಹಿ ಪರಿಶೀಲನೆ ಕಿರಿಕಿರಿಯೆಂದು ಲ್ಯಾಪ್‌ಟಾಪ್‌ನಲ್ಲಿ ಅದನ್ನು ಆರಿಸಿಡುವವರಿದ್ದಾರೆ; ಆದರೆ ಪರೀಕ್ಷೆಯಿಲ್ಲದೆ ಉಳಿದ ಬಾಗಿಲು ಅದೊಂದೇ ಆಗಿರುತ್ತದೆ, ಹೊರಗಿನವರು ಮೊದಲು ತಳ್ಳಿ ನೋಡುವುದೂ ಅದನ್ನೇ. ನಿಜವಾದ ಕೀಲಿಯ ಬದಲು ಪರೀಕ್ಷೆಗೆಂದೇ ಹುಟ್ಟಿಸಿದ ಹುಸಿ ಕೀಲಿಯನ್ನು ಎರಡೂ ಕಡೆ ಇಟ್ಟುಕೊಂಡರೆ ಪರಿಶೀಲನೆಯೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

ಕಾಲಮುದ್ರೆಯ ವಿಷಯದಲ್ಲಿ ಭಾರತದ ಪ್ರೋಗ್ರಾಮರ್‌ಗಳು ಗಮನಿಸಬೇಕಾದ ಸಂಖ್ಯೆ 19,800. ಭಾರತೀಯ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಗೋಡೆ ಗಡಿಯಾರದ ಸಮಯವನ್ನೇ ಜಾಗತಿಕ ಸಮಯವೆಂದು ಬಗೆದು ಲೆಕ್ಕ ಹಾಕಿದ ಸ್ಕ್ರಿಪ್ಟ್ ಅಷ್ಟು ಸೆಕೆಂಡು ಮುಂದಿನ ಕಾಲಮುದ್ರೆಯನ್ನು ಕೊಡುತ್ತದೆ. ‘ಹಳೆಯದೇ’ ಎಂದು ಮಾತ್ರ ಕೇಳುವ ಪರಿಶೀಲನೆ ಅಂಥದನ್ನು ಸದ್ದಿಲ್ಲದೆ ಒಳಗೆ ಬಿಡುತ್ತದೆ. ಅಣಕು ತಪ್ಪಾಗಿದ್ದರೂ ಪರೀಕ್ಷೆ ಗೆದ್ದಂತೆ ತೋರುತ್ತದೆ.

ಕನ್ನಡ ವಿಷಯಸಾಲಿನ ಪಯಣ

ಇಮೇಲಿನ ಮೂಲ ರಚನೆ ಇಂಗ್ಲಿಷಿನ ಅಕ್ಷರಗಳಿಗಷ್ಟೇ ಹೊಂದಿದ್ದು. ಬೇರೆ ಲಿಪಿಗಳಿಗೂ ಲಗತ್ತುಗಳಿಗೂ ದಾರಿ ಮಾಡಿಕೊಟ್ಟ ಮೈಮ್ ಎಂಬ ನಿಯಮಾವಳಿ 1992ರಲ್ಲಿ ಬಂದು 1996ರಲ್ಲಿ ಪರಿಷ್ಕರಣೆಗೊಂಡಿತು. ಅದರಂತೆ ಶಿರೋನಾಮದಲ್ಲಿ ಬರುವ ಕನ್ನಡದ ಪಠ್ಯವನ್ನು ಬೇಸ್64ರಂಥ ರೂಪಕ್ಕೆ ತಿರುಗಿಸಿ, ಹಿಂದೆ ಮುಂದೆ ಗುರುತುಗಳನ್ನು ಹಚ್ಚಿ ಪೊಟ್ಟಣ ಕಟ್ಟಬೇಕು. ಗುರುತುಗಳೂ ಸೇರಿ ಒಂದು ಪೊಟ್ಟಣ 75 ಅಕ್ಷರಗಳನ್ನು ಮೀರಬಾರದು. ಯೂನಿಕೋಡಿನ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಸಂಕೇತಬಿಂದುವಿಗೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಹೀಗೆ 5 ಬಿಂದುಗಳು, ಅಂದರೆ 15 ಬೈಟ್‌ಗಳು, ಬೇಸ್64ಕ್ಕೆ ತಿರುಗಿದಾಗ 20 ಅಕ್ಷರಗಳು. ಗುರುತುಗಳಿಗೆ 12 ಅಕ್ಷರ ಬಿಟ್ಟರೆ ಒಂದು ಪೊಟ್ಟಣದಲ್ಲಿ ಉಳಿಯುವ ಜಾಗದಲ್ಲಿ ಹೆಚ್ಚೆಂದರೆ 45 ಬೈಟ್‌ಗಳು, ಅಂದರೆ ಕನ್ನಡದ 15 ಬಿಂದುಗಳು ಹಿಡಿಯುತ್ತವೆ.

ಮೇಲೆ ಹೇಳಿದ ಸಹಕಾರ ಸಂಘದ ಸದಸ್ಯರೊಬ್ಬರು ‘ಸಭೆಯ ಆಹ್ವಾನ ಪತ್ರಿಕೆ’ ಎಂಬ ವಿಷಯಸಾಲಿನೊಂದಿಗೆ ಬರೆದರೆಂದು ಇಟ್ಟುಕೊಂಡರೆ, ಆ ಮೂರು ಪದಗಳಲ್ಲಿ 17 ಕನ್ನಡ ಬಿಂದುಗಳೂ 2 ಖಾಲಿ ಜಾಗಗಳೂ ಇವೆ. ಒಟ್ಟು 53 ಬೈಟ್. ಒಂದೇ ಪೊಟ್ಟಣದಲ್ಲಿ ಇದು ಹಿಡಿಯುವುದಿಲ್ಲ. ಮೊದಲ ಪೊಟ್ಟಣವನ್ನು ಆದಷ್ಟು ತುಂಬಿದರೆ ‘ಪತ್ರ’ ಎಂಬಲ್ಲಿಗೆ 44 ಬೈಟ್ ಆಗುತ್ತದೆ. ‘ರ’ಕಾರಕ್ಕೆ ಹತ್ತಬೇಕಾದ ಗುಡಿಸು ಎರಡನೆಯ ಪೊಟ್ಟಣಕ್ಕೆ ಹೋಗಿ, ಅದರ ಬೆನ್ನಿಗೆ ‘ಕೆ’ ಬರುತ್ತದೆ. ನಿಯಮದ ಪ್ರಕಾರ ಇದು ತಪ್ಪಲ್ಲ, ಏಕೆಂದರೆ ಅಕ್ಕಪಕ್ಕದ ಎರಡು ಪೊಟ್ಟಣಗಳ ನಡುವಿನ ಖಾಲಿ ಜಾಗವನ್ನು ಓದುವವರು ಬಿಟ್ಟುಬಿಡಬೇಕೆಂದು ನಿಯಮವೇ ಹೇಳುತ್ತದೆ. ಆದರೆ ತಂತ್ರಾಂಶ ಆ ಖಾಲಿ ಜಾಗವನ್ನು ಉಳಿಸಿಕೊಂಡರೆ ಗುಡಿಸು ತನ್ನ ‘ರ’ವನ್ನು ಕಳೆದುಕೊಂಡು, ಚುಕ್ಕಿಗಳ ವೃತ್ತವೊಂದಕ್ಕೆ ಜೋತುಬಿದ್ದು ಕಾಣಿಸುತ್ತದೆ. ಕಳುಹಿಸಿದ ತಂತ್ರಾಂಶವೇ ಬಿಂದುವೊಂದನ್ನು ನಡುವೆ ಒಡೆಯಬಾರದೆಂಬ ನಿಯಮ ಮರೆತು, ಲೆಕ್ಕಕ್ಕೆ ಸರಿಯಾಗಿ 45 ಬೈಟ್‌ಗೆ ಕತ್ತರಿಸಿದ್ದರಂತೂ ಗುಡಿಸಿನ ಮೂರು ಬೈಟ್‌ಗಳಲ್ಲಿ ಒಂದು ಮೊದಲ ಪೊಟ್ಟಣದಲ್ಲೂ ಉಳಿದೆರಡು ಮುಂದಿನದರಲ್ಲೂ ಸೇರಿ, ಒಂದೊಂದು ಪೊಟ್ಟಣವನ್ನೂ ಬೇರೆಬೇರೆಯಾಗಿ ಬಿಡಿಸುವ ತಂತ್ರಾಂಶದಲ್ಲಿ ಆ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ‘ಹಲೋ’ ಎಂದು ಇಂಗ್ಲಿಷಿನಲ್ಲಿ ಬರೆದ ಮಾದರಿ ಪತ್ರದಿಂದ ಸಾವಿರ ಸಲ ಪರೀಕ್ಷಿಸಿದರೂ ಈ ದೋಷ ಹೊರಬೀಳುವುದಿಲ್ಲ. ಹದಿನೈದನೆಯ ಬಿಂದುವನ್ನು ದಾಟುವ ಒಂದು ಕನ್ನಡ ವಿಷಯಸಾಲು ಮಾದರಿಗಳಲ್ಲಿ ಇದ್ದರೆ ಮೊದಲ ಯತ್ನದಲ್ಲೇ ಹೊರಬೀಳುತ್ತದೆ.

ಕನ್ನಡದ ಮಾದರಿಗಳು ಅಲ್ಲಿಗೇ ನಿಲ್ಲಬಾರದು. ಉತ್ತರ ಬರೆಯುವಾಗ ಹಳೆಯ ಪತ್ರದ ಮೇಲೆ ‘ಇಂಥ ದಿನ ಇಂಥವರು ಬರೆದರು’ ಎಂಬ ಅರ್ಥದ ಸಾಲನ್ನು ಇಮೇಲ್ ತಂತ್ರಾಂಶಗಳು ತಾವೇ ಸೇರಿಸುತ್ತವೆ; ಮೇಲ್‌ಗನ್, ಪೋಸ್ಟ್‌ಮಾರ್ಕ್‌ನಂಥ ಸೇವೆಗಳು ಆ ಸಾಲಿನಂಥ ಗುರುತುಗಳನ್ನು ಹಿಡಿದು ಹಳೆಯದನ್ನು ಕತ್ತರಿಸಿ, ಹೊಸದಾಗಿ ಬರೆದ ಭಾಗವನ್ನಷ್ಟೇ ಪ್ರತ್ಯೇಕ ಅಂಕಣದಲ್ಲಿ ಕೊಡಲು ಯತ್ನಿಸುತ್ತವೆ. ಬಳಕೆದಾರರ ಪರದೆ ಕನ್ನಡದಲ್ಲಿದ್ದರೆ ಆ ಸಾಲೂ ಕನ್ನಡದಲ್ಲಿರಬಹುದು. ಆಗ ಕತ್ತರಿ ಬೀಳದೆ ಇಡೀ ಹಳೆಯ ಸಂಭಾಷಣೆ ದೂರಿನ ಒಕ್ಕಣೆಗೆ ಸೇರುವ ಸಾಧ್ಯತೆಯನ್ನು ಪರೀಕ್ಷಿಸಿ ನೋಡಬೇಕು. ವಿಳಾಸದಲ್ಲೇ ಬೇರೆ ಲಿಪಿಗಳನ್ನು ಬಳಸಲು 2012ರ ನಿಯಮಾವಳಿಯೊಂದು ಅವಕಾಶ ನೀಡಿದೆ, ‘.ಭಾರತ’ ಎಂಬ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆ. ಇಂಗ್ಲಿಷ್ ಅಕ್ಷರಗಳಿದ್ದರೆ ಮಾತ್ರ ವಿಳಾಸ ಸರಿಯೆಂದು ಒಪ್ಪುವ ತಂತ್ರಾಂಶವು ಅಂಥ ಸದಸ್ಯರ ದೂರನ್ನು ಓದದೆಯೇ ತಿರಸ್ಕರಿಸುತ್ತದೆ.

ಮಧ್ಯವರ್ತಿಯ ನಡತೆ

ಒಂದೇ ವಿನಂತಿಯ ಆಕಾರವನ್ನು ಅನುಕರಿಸಿದ ಮಾತ್ರಕ್ಕೆ ಮಧ್ಯವರ್ತಿಯ ಅನುಕರಣೆ ಮುಗಿಯುವುದಿಲ್ಲ; ಉತ್ತರ ಸಿಗದಿದ್ದಾಗ ಅವನು ಏನು ಮಾಡುತ್ತಾನೆ ಎಂಬುದೂ ಅದರ ಭಾಗ. ಯಶಸ್ಸಿನ ಉತ್ತರ ಬಾರದಿದ್ದರೆ ಮೇಲ್‌ಗನ್ ಗಂಟೆಗಳ ಕಾಲ, ಅಂತರವನ್ನು ಹಿಗ್ಗಿಸುತ್ತ, ಅದೇ ವಿನಂತಿಯನ್ನು ಮರಳಿ ಕಳುಹಿಸುತ್ತದೆ. 406 ಎಂಬ ಉತ್ತರ ಬಂದರೆ ಮಾತ್ರ ‘ಬೇಡ’ ಎಂದು ತಿಳಿದು ಕೈಬಿಡುತ್ತದೆ. ಪೋಸ್ಟ್‌ಮಾರ್ಕ್‌ಗೆ ಅದೇ ಅರ್ಥದ ಉತ್ತರ 403. ತಂತ್ರಾಂಶವು ದೂರನ್ನು ದಾಖಲಿಸಿ, ಉತ್ತರಿಸುವ ಮುನ್ನ ಕುಸಿದುಬಿದ್ದರೆ, ಮಧ್ಯವರ್ತಿಯ ಲೆಕ್ಕದಲ್ಲಿ ಪತ್ರ ತಲುಪಿಲ್ಲ. ಮರುಕಳುಹಿಸಿದಾಗ ಒಂದೇ ದೂರಿಗೆ ಎರಡು ಕ್ರಮಸಂಖ್ಯೆಗಳು ದೊರೆಯುತ್ತವೆ. ಇದನ್ನು ತಡೆಯಲು ಆ್ಯಕ್ಷನ್ ಮೇಲ್‌ಬಾಕ್ಸ್ ಪ್ರತಿಯೊಂದು ಪತ್ರದ ಗುರುತುಸಂಖ್ಯೆಯನ್ನೂ ಮೂಲಪ್ರತಿಯಿಂದ ಲೆಕ್ಕಹಾಕಿದ ಬೆರಳಚ್ಚನ್ನೂ ಜೊತೆಯಾಗಿ ಉಳಿಸಿಟ್ಟುಕೊಂಡು, ಅದೇ ಜೋಡಿ ಮತ್ತೆ ಬಂದರೆ ಹೊಸ ದಾಖಲೆ ಮಾಡುವುದಿಲ್ಲ. ತಂತ್ರಾಂಶಕ್ಕೆ ಇಂಥ ಎಚ್ಚರವಿದೆಯೇ ಎಂದು ತಿಳಿಯಲು ಅಣಕು ಅಂಚೆಯವನು ಒಂದೇ ಪತ್ರವನ್ನು ಎರಡು ಸಲ, ಸಾಧ್ಯವಾದರೆ ಏಕಕಾಲಕ್ಕೆ, ತಂದು ಹಾಕಬೇಕು.

ಅದೇ ರೀತಿ ರಜೆಯಲ್ಲಿರುವ ಸದಸ್ಯರ ತಾನೇ ಉತ್ತರಿಸುವ ಪೆಟ್ಟಿಗೆಯೂ ಮಾದರಿಗಳಲ್ಲಿ ಒಂದಾಗಿರಬೇಕು. ಸಂಘದ ಸ್ವೀಕೃತಿ ಅಲ್ಲಿಗೆ ತಲುಪಿ, ಅದು ‘ರಜೆಯಲ್ಲಿದ್ದಾರೆ’ ಎಂದು ಉತ್ತರಿಸಿ, ಆ ಉತ್ತರವೇ ಹೊಸ ದೂರಾಗಿ ದಾಖಲಾಗಿ, ಅದಕ್ಕೂ ಸ್ವೀಕೃತಿ ಹೊರಟರೆ ಎರಡು ಯಂತ್ರಗಳ ನಡುವಿನ ಮಾತುಕತೆಗೆ ಕೊನೆಯಿರುವುದಿಲ್ಲ. ಇಂಥ ಪತ್ರಗಳನ್ನು ಗುರುತಿಸಲೆಂದೇ ‘ಆಟೋ-ಸಬ್ಮಿಟೆಡ್’ ಎಂಬ ಶಿರೋನಾಮವನ್ನು 2004ರ ನಿಯಮಾವಳಿ ಗೊತ್ತುಮಾಡಿದೆ. ಬಟವಾಡೆಯಾಗದೆ ಮರಳಿದ ಪತ್ರಗಳ ಸೂಚನೆಗಳು ಲಕೋಟೆಯ ಮೇಲೆ ಕಳುಹಿಸಿದವರ ವಿಳಾಸವೇ ಇಲ್ಲದೆ ಬರುತ್ತವೆ. ಸಹಿ ತಪ್ಪಾದದ್ದು, ಕಾಲ ಮೀರಿದ್ದು, ಗುರುತುಸಂಖ್ಯೆಯಿಲ್ಲದ್ದು, ಒಕ್ಕಣೆ ಖಾಲಿಯಿದ್ದು ಲಗತ್ತು ಮಾತ್ರ ಇರುವುದು, ಲಕೋಟೆಗೂ ಶಿರೋಭಾಗಕ್ಕೂ ಹೊಂದದ ವಿಳಾಸಗಳುಳ್ಳದ್ದು ಎಲ್ಲಕ್ಕೂ ಒಂದೊಂದು ಮಾದರಿಯಿದ್ದರೆ ಒಂದು ಹದಿನೈದು ಫೈಲುಗಳ ಕಟ್ಟು ಸಿದ್ಧವಾಗುತ್ತದೆ.

ಈ ಕಟ್ಟನ್ನು ಯಾವ ಬಾಗಿಲಿಂದ ಒಳಗೆ ತರಬೇಕೆಂಬುದೂ ಯೋಚಿಸಬೇಕಾದ ವಿಷಯ. ರೈಲ್ಸ್‌ನಲ್ಲಿ ರಚನೆಯ ಹಂತಕ್ಕೆಂದೇ ಕಂಡಕ್ಟರ್ ಎಂಬ ಪುಟವಿದೆ. ಅಲ್ಲಿ ‘ಇಂದ’, ‘ಗೆ’, ವಿಷಯ, ಒಕ್ಕಣೆಗಳನ್ನು ತುಂಬಿದರೆ ಪತ್ರ ಬಂದಂತೆಯೇ ತಂತ್ರಾಂಶ ವರ್ತಿಸುತ್ತದೆ. ಆದರೆ ಅಲ್ಲಿಂದ ಹೊರಟ ಪತ್ರ ಮಧ್ಯವರ್ತಿಗೆಂದು ಇಟ್ಟ ಬಾಗಿಲನ್ನು ದಾಟುವುದೇ ಇಲ್ಲ, ನೇರವಾಗಿ ಒಳಕೋಣೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಸಹಿ, ಕಾಲಮುದ್ರೆ, ಅರ್ಜಿಯ ಆಕಾರಗಳ ಪರೀಕ್ಷೆ ಅದರಿಂದ ನಡೆಯುವುದಿಲ್ಲ. ದೂರು ಯಾವ ವಿಭಾಗಕ್ಕೆ ಹೋಗಬೇಕೆಂಬ ತೀರ್ಮಾನದಂಥ ಒಳಗಿನ ತರ್ಕಕ್ಕೆ ಕಂಡಕ್ಟರ್ ಸಾಕು. ಬಾಗಿಲಿನ ಪರೀಕ್ಷೆಗೆ ಸಹಿ ಹಾಕಿದ ಪೂರ್ಣ ವಿನಂತಿಯೇ ಬೇಕು. ಮೊದಲನೆಯದು ಗೆದ್ದಿತೆಂದು ಎರಡನೆಯದನ್ನು ಬಿಟ್ಟವರ ತಂತ್ರಾಂಶ ಲ್ಯಾಪ್‌ಟಾಪ್‌ನಲ್ಲಿ ಸುಸೂತ್ರವಾಗಿ ನಡೆದು, ಸರ್ವರಿಗೆ ಏರಿದ ಮೇಲೆ ಒಂದು ಪತ್ರವನ್ನೂ ಸ್ವೀಕರಿಸದೆ ಹೋಗಬಹುದು.

ಮಾದರಿಗಳನ್ನು ಸಂಗ್ರಹಿಸುವಾಗ ನಿಜವಾದ ಸದಸ್ಯರ ಪತ್ರಗಳನ್ನು ಹಾಗೆಯೇ ಕಟ್ಟಿಗೆ ಸೇರಿಸುವುದು ಸಲ್ಲದು. ಕೋಡಿನ ಭಂಡಾರಕ್ಕೆ ಒಮ್ಮೆ ಸೇರಿದ ಫೈಲು ತಂಡದ ಪ್ರತಿಯೊಬ್ಬರ ಯಂತ್ರಕ್ಕೂ ನಕಲಾಗುತ್ತದೆ, ಅಳಿಸಿದ ಮೇಲೂ ಅದರ ಇತಿಹಾಸದಲ್ಲಿ ಉಳಿಯುತ್ತದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಗಿರುವಾಗ ಇದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ. ವಿಳಾಸಗಳನ್ನು ಬದಲಾಯಿಸಲು ‘ಎಕ್ಸಾಂಪಲ್ ಡಾಟ್ ಕಾಮ್’ ಎಂಬ ಡೊಮೇನನ್ನು 1999ರಲ್ಲೇ ಉದಾಹರಣೆಗಳಿಗೆಂದು ಕಾದಿರಿಸಲಾಗಿದೆ. ತೋಚಿದ ಹೆಸರನ್ನು ಹಾಕಿ, ಪರೀಕ್ಷೆಯ ಸ್ವೀಕೃತಿಗಳು ಗುರುತಿಲ್ಲದ ಯಾರದೋ ಪೆಟ್ಟಿಗೆಗೆ ಹೋಗುವ ಮುಜುಗರ ಅದರಿಂದ ತಪ್ಪುತ್ತದೆ. ಆದರೆ ಹೆಸರು ಬದಲಾಯಿಸುವ ಭರದಲ್ಲಿ ಕನ್ನಡದ ಹೆಸರಿನ ಜಾಗಕ್ಕೆ ಇಂಗ್ಲಿಷ್ ಹೆಸರನ್ನು ತುಂಬಿದರೆ ಮಾದರಿಯ ಜೀವಾಳವೇ ಹೋಗುತ್ತದೆ. ಒತ್ತಕ್ಷರವಿದ್ದಲ್ಲಿ ಒತ್ತಕ್ಷರವೂ ಗುಡಿಸಿದ್ದಲ್ಲಿ ಗುಡಿಸೂ ಉಳಿಯಬೇಕು.

ಅಣಕು ಅಂಚೆಯವನ ಕೈಗೆ ಎಟುಕದ ಸಂಗತಿಗಳೂ ಇವೆ. ಎಂಎಕ್ಸ್ ದಾಖಲೆ ಸರಿಯಾಗಿದೆಯೇ, ಮಧ್ಯವರ್ತಿಯ ಸ್ಪ್ಯಾಮ್ ಜರಡಿ ಸದಸ್ಯರ ಪತ್ರವನ್ನು ತಡೆಯುತ್ತಿದೆಯೇ, ಸರ್ವರಿನಲ್ಲಿಟ್ಟ ಕೀಲಿ ನಿಜವಾದದ್ದೇ ಎಂಬುದನ್ನು ಲ್ಯಾಪ್‌ಟಾಪ್‌ನೊಳಗಿನ ತಾಲೀಮು ಹೇಳಲಾರದು. ಅದಕ್ಕೆ ಕಡೆಯಲ್ಲಿ ಒಂದು ನಿಜವಾದ ಪತ್ರವನ್ನೇ ಬರೆದು ಹಾಕಬೇಕು. ಆ ಪತ್ರ ತಂದ ವಿನಂತಿಯನ್ನು ಅಣಕು ವಿನಂತಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದಾಗ ಕಾಣುವ ಒಂದೊಂದು ವ್ಯತ್ಯಾಸವೂ, ಅಲ್ಲಿ ಹೆಚ್ಚಾಗಿರುವ ಒಂದು ಅಂಕಣ, ಇಲ್ಲಿ ತಪ್ಪಿಹೋದ ಒಂದು ಹೊಸಸಾಲು, ಮಾದರಿಗಳ ಕಟ್ಟಿಗೆ ಸೇರಬೇಕಾದ ಹದಿನಾರನೆಯ ಫೈಲಾಗುತ್ತದೆ.